ಹೊಟ್ಟು ಉದುರುವ ಅಜ್ಜಿ

ನನ್ನ ಚರ್ಮ ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ವರ್ಷಗಳಾದವು. ಶಾಲೆಯಲ್ಲಿ ಮಾತು ಕೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಚರ್ಮವನ್ನು ಎಲ್ಲಿ ನಿಲ್ಲಿಸುವುದು ಹೇಳಿ. ಮೊಣಕೈ, ಮೊಣಕಾಲು, ತಲೆಯ ಬುಡ, ಅಂಗೈ, ಎಲ್ಲ ಕಡೆಯೂ ಅದರದ್ದೇ ಕಾರುಬಾರು. ಕೆಂಪಗೆ ದಪ್ಪವಾಗುತ್ತದೆ, ಮೇಲೆ ಬೆಳ್ಳಗೆ ಹೊಟ್ಟು ಕಟ್ಟುತ್ತದೆ, ಉದುರುತ್ತದೆ, ಪುನಃ ಕಟ್ಟುತ್ತದೆ. ಮಣಿಪಾಲದ ಚರ್ಮದ ಡಾಕ್ಟರು ಇದಕ್ಕೆ ಸೋರಿಯಾಸಿಸ್ ಎಂದರು. ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಇದರಲ್ಲಿ ನಮ್ಮ ಸಂಬಂಧಿಕರ ಕಿವಿಗೆ ಬಿದ್ದದ್ದು ಗುಣವಾಗುವುದಿಲ್ಲ ಎಂಬುದು ಮಾತ್ರ.

ನಾನು ಕಾಪುವಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದೆ. ದಿನವಿಡೀ ಕರಿಹಲಗೆಯ ಮುಂದೆ ನಿಲ್ಲುವವಳಾದ ಕಾರಣ ಹೆಗಲ ಮೇಲೆ ಬಿದ್ದದ್ದೆಲ್ಲ ಸೀಮೆಸುಣ್ಣದ ಪುಡಿ ಎಂದೇ ನಡೆದುಹೋಯಿತು. ಮಕ್ಕಳಿಗೂ ಸಂಶಯ ಬರಲಿಲ್ಲ, ಇನ್‌ಸ್ಪೆಕ್ಷನ್ನಿಗೆ ಬಂದವರಿಗೂ ಬರಲಿಲ್ಲ. ಇಷ್ಟು ಶ್ರದ್ಧೆಯಿಂದ ಬೋರ್ಡಿನ ಮೇಲೆ ಬರೆಯುವವರು ಈಗ ಕಡಿಮೆ ಎಂದು ಒಬ್ಬರು ಹೊಗಳಿಯೂ ಹೋದರು. ನಿವೃತ್ತಿಯಾದ ಮೇಲೆ ಆ ನೆಪ ಕೈತಪ್ಪಿತು. ಮನೆಯಲ್ಲಿ ಕೂತವಳ ಹೆಗಲ ಮೇಲೆ ಸೀಮೆಸುಣ್ಣ ಎಲ್ಲಿಂದ ಬರಬೇಕು?

ನಮ್ಮ ಕಡೆ ಮೈಮೇಲೆ ಒಂದು ಗುಳ್ಳೆ ಎದ್ದರೂ ಮೊದಲ ಆರೋಪಿ ಊಟದ ಬಟ್ಟಲು. ಬದನೆ ನಂಜು, ಸಿಗಡಿ ನಂಜು, ಏಡಿ ನಂಜು, ಒಣಮೀನಂತೂ ಮಹಾ ನಂಜು. ನನ್ನ ತವರಿನವರು ಮೀನಿನ ವ್ಯಾಪಾರದವರು, ಗಂಡ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಕರಾಗಿದ್ದವರು. ಇಂಥವಳ ಹತ್ತಿರ ಹೆಜಮಾಡಿಯ ನನ್ನ ಚಿಕ್ಕಮ್ಮ ಬಂದು, ಎಲೆಅಡಿಕೆ ಜಗಿಯುತ್ತಾ, "ಮೀನು ಬಿಟ್ಟುಬಿಡು ಮಗಾ, ಚರ್ಮ ಕನ್ನಡಿ ಆಗ್ತದೆ" ಎಂದು ಹೇಳಿ ಹೋದರು. ಬಿಟ್ಟೆ ಮಾರಾಯ್ರೆ. ಒಂದು ಮಳೆಗಾಲ ಪೂರ್ತಿ ಸೌತೆಕಾಯಿ ಸಾಂಬಾರು ಉಂಡು, ಪಕ್ಕದ ಮನೆಯ ಹುರಿದ ಬಂಗುಡೆಯ ಪರಿಮಳಕ್ಕೆ ಕಿಟಕಿ ಮುಚ್ಚಿ ಬದುಕಿದೆ. ಚರ್ಮ ಕ್ಯಾರೇ ಅನ್ನಲಿಲ್ಲ. ಕೊನೆಗೆ ಒಂದು ಆದಿತ್ಯವಾರ ಸಿಟ್ಟಿನಲ್ಲಿ ಒಂದು ಬಟ್ಟಲು ಬಂಗುಡೆ ಪುಳಿಮುಂಚಿ ತಿಂದೆ. ಆಗಲೂ ಅದು ಕ್ಯಾರೇ ಅನ್ನಲಿಲ್ಲ. ಅಂದಿನಿಂದ ನಾನು ಮೀನು ತಿನ್ನುತ್ತೇನೆ, ಚರ್ಮ ನನ್ನನ್ನು ತಿನ್ನುತ್ತದೆ. ಇಬ್ಬರೂ ಹೊಟ್ಟೆ ತುಂಬ ಉಣ್ಣುತ್ತಿದ್ದೇವೆ.

ನಂಜು ಮುಗಿದ ಮೇಲೆ ನಾಗ. ಕುಟುಂಬದ ನಾಗಬನದಲ್ಲಿ ತಂಬಿಲದ ಸೇವೆ ಕೊಡಿಸಿದೆವು, ಆಶ್ಲೇಷಾ ಬಲಿಯೂ ಆಯಿತು. ನಾಗನ ಮೇಲೆ ನನಗೆ ಭಕ್ತಿ ಉಂಟು, ಇಲ್ಲವೆಂದು ಹೇಳುವುದಿಲ್ಲ. ಆದರೆ ವರ್ಷ ವರ್ಷ ತಾನೇ ಪೊರೆ ಕಳಚುವ ದೇವರ ಎದುರು ಹೋಗಿ, ನನ್ನ ಪೊರೆ ಉದುರುವುದನ್ನು ನಿಲ್ಲಿಸು ಎಂದು ಕೇಳುವಾಗ ನನಗೇ ಒಂದು ನಮೂನೆ ನಾಚಿಕೆಯಾಯಿತು. ಪ್ರಸಾದದ ಅರಸಿನವನ್ನು ಮೊಣಕೈಗೆ ಹಚ್ಚಿದೆ. ರವಿಕೆಯ ತೋಳು ಹಳದಿಯಾಯಿತು, ಬೇರೆ ಎಂತದೂ ಆಗಲಿಲ್ಲ.

ಹಾಗಾಗಿ ಕೊನೆಗೆ ಉಳಿದದ್ದು ಡಾಕ್ಟರು ಹೇಳಿದ ಕ್ರಮ. ಅದು ಮದ್ದಿಗಿಂತ ಹೆಚ್ಚಾಗಿ ಮನೆಗೆಲಸದ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಬಟ್ಟೆ ಕೊಡವಬೇಕು. ಕಡು ಬಣ್ಣದ ಬೆಡ್‌ಶೀಟ್ ನಮ್ಮ ಮನೆಗೆ ಬರುವಂತಿಲ್ಲ. ಕಪ್ಪು ಸೀರೆಗಳನ್ನೆಲ್ಲ ತಂಗಿಗೆ ಕೊಟ್ಟಾಯಿತು, ಅವಳು ಅದನ್ನು ಉಟ್ಟುಕೊಂಡು ಬಂದು ನನ್ನ ಎದುರೇ ಕೂತುಕೊಳ್ಳುತ್ತಾಳೆ. ಉಗುರು ಬೆಚ್ಚಗಿನ ನೀರಿನಲ್ಲಿ ಮೀಯಬೇಕು, ಉಜ್ಜಬಾರದು, ಮೈ ಒದ್ದೆ ಇರುವಾಗಲೇ ಮುಲಾಮು ಹಚ್ಚಬೇಕು. ತಲೆಗೆ ಹಾಕುವ ಶಾಂಪೂವಿಗೆ ಡಾಂಬರಿನ ವಾಸನೆ. ನಾನು ತಲೆಗೆ ಮಿಂದು ಹೊರಗೆ ಬಂದರೆ ಗಂಡ ಪೇಪರಿನಿಂದ ತಲೆ ಎತ್ತದೆ, "ರಸ್ತೆ ರಿಪೇರಿಯವರು ಬಂದ್ರಾ ಟೀಚರೇ?" ಎಂದು ಕೇಳುತ್ತಾರೆ. ಮಲಗುವಾಗ ಅಂಗೈಗೆ ಮುಲಾಮು ಮೆತ್ತಿ ಹತ್ತಿಯ ಗ್ಲೌಸ್ ಹಾಕಿಕೊಂಡರೆ, "ಇವತ್ತು ವಿಕೆಟ್ ಕೀಪಿಂಗ್ ಉಂಟಾ?" ಮದುವೆಯಾದಂದಿನಿಂದ ನನ್ನನ್ನು ಅವರು ಟೀಚರೇ ಎಂದೇ ಕರೆಯುವುದು. ಪ್ರೀತಿಗೋ ಹೆದರಿಕೆಗೋ ನಾನು ಕೇಳಲಿಲ್ಲ.

ಮುಲಾಮಿನ ಟ್ಯೂಬಿನ ವಿಷಯದಲ್ಲಿ ಮಾತ್ರ ನಾನು ಬಹಳ ಖಡಕ್ಕು. ಬುಡದಿಂದ ಒತ್ತಿ, ಬುಡದಿಂದಲೇ ಸುತ್ತುತ್ತಾ ಬರಬೇಕು. ಟ್ಯೂಬಿನ ಸೊಂಟ ಹಿಡಿದು ಹಿಂಡುವವರನ್ನು ಕಂಡರೆ ನನಗಾಗುವುದಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಮ್ಮ ಮಗಳು ಹೆತ್ತಳು. ಒಬ್ಬಳೇ ಮಗಳು. ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸ, ಪರ್ಕಳದಲ್ಲಿ ಬಾಡಿಗೆ ಮನೆ. ಅಳಿಯ ಕಾರ್ಕಳದವನು, ಗಲ್ಫಿನಲ್ಲಿ ಇದ್ದಾನೆ. ಹೆರಿಗೆಯ ಹೊತ್ತಿಗೆ ಬಂದು, ಮಗುವಿನ ಮುಖ ನೋಡಿ, ಅತ್ತು, ಹೋದ. ಹೆಣ್ಣು ಮಗು. ಆಸ್ಪತ್ರೆಯಿಂದ ತಾಯಿ ಮಗು ಇಬ್ಬರೂ ಸೀದಾ ಕಾಪುವಿಗೆ, ನಮ್ಮ ಮನೆಗೆ ಬಾಣಂತನಕ್ಕೆ ಬಂದರು.

ನನಗೆ ಇದ್ದದ್ದು ಒಂದೇ ಆಸೆ. ಮೊಮ್ಮಗಳನ್ನು ನನ್ನ ಕಾಲ ಮೇಲೆ ಹಾಕಿಕೊಂಡು ಮೀಯಿಸಬೇಕು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕಾಲು ನೀಡಿ, ಎರಡು ಕಾಲಿನ ನಡುವಿನ ಆ ಓಣಿಯಲ್ಲಿ ಮಗುವನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯುವುದು. ನನ್ನ ಮಗಳನ್ನು ನನ್ನ ಅಮ್ಮ ಹಾಗೆ ಮೀಯಿಸಿದ್ದು. ಮಗು ಊರು ಹಾರಿ ಹೋಗುವ ಹಾಗೆ ಅಳುತ್ತಿತ್ತು, ಅಮ್ಮ ಅದಕ್ಕಿಂತ ಜೋರಾಗಿ ಅದಕ್ಕೆ ಬೈಯುತ್ತಾ ಮೂಗು ತಿದ್ದುತ್ತಿದ್ದರು, ಆಮೇಲೆ ಇಬ್ಬರೂ ಸುಸ್ತಾಗಿ ಮಲಗುತ್ತಿದ್ದರು. ಆ ಸುಖ ನನಗೂ ಬೇಕಿತ್ತು. ಸೋಲಾರ್ ಇದ್ದರೂ ಹಿತ್ತಲಿನ ಬಚ್ಚಲಿನ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿಸಿದೆ. ಗಂಡ ತೆಂಗಿನ ಸಿಪ್ಪೆ, ಗೆರಟೆ ಒಣಗಿಸಿ ರಾಶಿ ಹಾಕಿದರು. ತೆಂಗಿನ ಹಾಲು ಕಾಯಿಸಿ ಮಗುವಿಗೆಂದು ನಾನೇ ಎಣ್ಣೆ ತೆಗೆದೆ. ಅಂಗೈಯ ಬಿರುಕು ಮಾಯಲಿ ಎಂದು ಆ ತಿಂಗಳು ಒಂದು ದಿನವೂ ತಪ್ಪದೆ ವಿಕೆಟ್ ಕೀಪಿಂಗ್ ಮಾಡಿದೆ.

ಅಷ್ಟರಲ್ಲಿ ಕಾರ್ಕಳದಿಂದ ಫೋನು ಬಂತು. ಅಳಿಯನ ಅಮ್ಮ. ಕೆಟ್ಟ ಹೆಂಗಸು ಅಲ್ಲವೇ ಅಲ್ಲ. ನಮ್ಮ ಮನೆಗೆ ಬರುವಾಗಲೆಲ್ಲ ಪತ್ರೊಡೆ ಮಾಡಿ ತರುವವರು, ನನ್ನ ಮಗಳನ್ನು ಮಗಾ ಎಂದೇ ಕರೆಯುವವರು. ಸ್ವಚ್ಛತೆಯ ಹುಚ್ಚು ಮಾತ್ರ ಸ್ವಲ್ಪ ಹೆಚ್ಚು. ಅವರ ಮನೆಯಲ್ಲಿ ಪೊರಕೆಗೂ ಸ್ನಾನ ಉಂಟು.

"ಅಕ್ಕ, ನೀವು ಬೇಸರ ಮಾಡಬಾರದು," ಎಂದು ಶುರು ಮಾಡಿದರು. ಬೇಸರ ಮಾಡಬಾರದು ಎಂದು ಶುರುವಾದ ಮಾತು ಯಾವತ್ತಾದರೂ ಬೇಸರ ಮಾಡದೆ ಮುಗಿದದ್ದುಂಟಾ? "ಮಗುವಿನ ಚರ್ಮ ಬಹಳ ಮೆದು ಅಲ್ವಾ. ಮೀಯಿಸಲಿಕ್ಕೆ ಕಟಪಾಡಿಯ ಒಬ್ಬರನ್ನು ಮಾತಾಡಿದ್ದೇನೆ. ಬಹಳ ಅನುಭವ ಉಂಟು ಅವರಿಗೆ. ನಿಮ್ಮ ಕೈಗೂ ವಿಶ್ರಾಂತಿ."

"ಇದು ಹರಡುವುದಿಲ್ಲ," ಎಂದೆ ನಾನು.

"ಗೊತ್ತುಂಟು ಅಕ್ಕ, ಗೊತ್ತುಂಟು. ಆದ್ರೂ."

ಆ ಆದ್ರೂ ಒಂದಕ್ಕೆ ಮಣಿಪಾಲದ ಅಷ್ಟೂ ಡಾಕ್ಟರರು ಸೇರಿದರೂ ಮದ್ದಿಲ್ಲ. ಫೋನು ಸ್ಪೀಕರಿನಲ್ಲಿತ್ತು. ಮಗಳು ಪಕ್ಕದಲ್ಲೇ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು ಅವಳ ಮುಖ ನೋಡಿದೆ. ಬಸ್ಸಿನ ಕಂಡಕ್ಟರನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನವರೆಗೆ ಎಲ್ಲರ ಹತ್ತಿರ ಜಗಳ ಮಾಡಿ ಗೆದ್ದು ಬಂದ ಹುಡುಗಿ. ಚಿಕ್ಕವಳಿರುವಾಗ, ನಿನ್ನ ಅಮ್ಮನಿಗೆ ಅಂಟುರೋಗ ಎಂದ ಒಬ್ಬಳ ಜಡೆ ಎಳೆದು ಹೆಡ್‌ಮಾಸ್ಟರರ ಎದುರು ನಿಂತವಳು. ಈಗ ಅತ್ತೆಗೆ ಒಂದು ಮಾತು ಹೇಳುತ್ತಾಳೆ ಎಂದು ಕಾದೆ. ಅವಳು ಮಗುವಿನ ಉಗುರು ನೋಡುತ್ತಾ, "ಅತ್ತೆ ಹೇಳಿದ ಹಾಗೆ ಆಗಲಿ ಅಮ್ಮ," ಎಂದಳು.

ಹೊರಗಿನವರು ಹೇಳಿದರೆ ಉತ್ತರ ಕೊಡಬಹುದು. ಇವಳನ್ನು ಇದೇ ಕೈಯಲ್ಲಿ ಉಣ್ಣಿಸಿ, ಇದೇ ಕೈಯಲ್ಲಿ ತಲೆ ಬಾಚಿ ಸಾಕಿದ್ದೇನೆ. ಆಯಿತು ಎಂದು ಹೇಳಿ ಒಳಗೆ ಹೋಗಿ, ಬೇಕಾಗಿಲ್ಲದಿದ್ದರೂ ಒಂದು ತೆಂಗಿನಕಾಯಿ ತುರಿದೆ.

ಕಟಪಾಡಿಯ ಅಕ್ಕ ಮಾರನೆಯ ದಿನದಿಂದಲೇ ಬರತೊಡಗಿದರು. ಗಟ್ಟಿ ಹೆಂಗಸು, ಗಟ್ಟಿ ಸ್ವರ. ನಮ್ಮಲ್ಲಿ ಕ್ರಮ ಹೇಗೆಂದರೆ, ಮೊದಲು ಬಾಣಂತಿಗೆ ಸ್ನಾನ, ಆಮೇಲೆ ಮಗುವಿಗೆ. ಬಾಣಂತಿಗೆ ತಲೆಯಿಂದ ಪಾದದವರೆಗೆ ಎಣ್ಣೆ ಹಚ್ಚುವುದು ತಾಯಿ. ಅದು ನೆನೆದ ಮೇಲೆ ಸೊಪ್ಪು ಕುದಿಸಿದ ಸುಡುನೀರನ್ನು ಸೊಂಟಕ್ಕೆ, ಬೆನ್ನಿಗೆ ರಪರಪ ಎರಚುವುದು ಮೀಯಿಸುವವರ ಕೆಲಸ. ನಾನು ಎಣ್ಣೆಯ ಗಿಂಡಿ ಹಿಡಿದು ಬಚ್ಚಲ ಬಾಗಿಲಿಗೆ ಹೋದರೆ ಮಗಳು, "ನನಗೆ ಬೇಡ, ನಾನೇ ಮೀಯುತ್ತೇನೆ. ಮಗುವನ್ನು ಮಾತ್ರ ಮೀಯಿಸಲಿ," ಎಂದು ಹೇಳಿ, ಒಳಗಿನ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.

ಬಾಣಂತಿ ಚಿಲಕ ಹಾಕಿ ಮೀಯುವುದೆಂದರೆ ನಮ್ಮ ಕಡೆ ಸಣ್ಣ ಸುದ್ದಿ ಅಲ್ಲ. "ಎಷ್ಟೋ ಬಾಣಂತಿಯರನ್ನು ಮೀಯಿಸಿದ್ದೇನೆ, ಬಾಗಿಲು ಹಾಕಿದವಳನ್ನು ನೋಡಲಿಲ್ಲ," ಎಂದರು ಕಟಪಾಡಿಯ ಅಕ್ಕ. ಈಗಿನ ಕಾಲದವರು ಎಂದು ನಾನು ತೇಲಿಸಿಬಿಟ್ಟೆ. ಆದರೆ ನನಗೆ ವಿಷಯ ಹೊಳೆದಿತ್ತು. ಎಣ್ಣೆ ಹಚ್ಚುವುದು ನಾನು. ಅವಳಿಗೆ ಬೇಡವಾದದ್ದು ಸ್ನಾನ ಅಲ್ಲ, ನನ್ನ ಕೈ. ಮಗುವಿಗೆ ಬೇಡ ಎಂದದ್ದು ಅತ್ತೆಯ ನೆಪದಲ್ಲಿ. ಈಗ ತನಗೂ ಬೇಡ ಎಂದು ತಾನೇ ತೋರಿಸಿದಳು.

ಆಮೇಲಿನ ದಿನಗಳಲ್ಲಿ ನಾನು ಚೆನ್ನಾಗಿ ನಡೆದುಕೊಂಡೆ ಎಂದು ಯಾರೂ ಹೇಳಲಿಕ್ಕಿಲ್ಲ. ಮಗುವಿನ ಸ್ನಾನ ಮುಗಿಯುವಾಗ ಬಚ್ಚಲ ಬಾಗಿಲಿನಲ್ಲಿ ನಿಂತು ಟವೆಲ್ ಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಮಗಳು ನೋಡಲಿ ಎಂದು ಹಠಕ್ಕೆ ಗ್ಲೌಸ್ ಹಾಕಿಕೊಂಡೇ ಕೊಡುತ್ತಿದ್ದೆ. "ಟೀಚರೇ, ನೀವು ಟವೆಲ್ ಕೊಡುವುದಾ, ಬಾಂಬು ತೆಗೆಯುವುದಾ?" ಎಂದು ಗಂಡ ಕೇಳಿದರು. ಮಗಳಿಗೆ ಅನ್ನ ಬಡಿಸುವಾಗ ಸೌಟನ್ನು ಪಾತ್ರೆಗೆ ಒಂದು ಹೆಚ್ಚೇ ಕುಟ್ಟುತ್ತಿದ್ದೆ. ಅವಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಬೇಸಿಗೆಯ ಆ ಸೆಕೆಯಲ್ಲಿ ಉದ್ದ ತೋಳಿನ ನೈಟಿ, ಕಿವಿ ಮುಚ್ಚುವ ಹಾಗೆ ಕಟ್ಟಿದ ತಲೆಬಟ್ಟೆ, ಕಾಲಿಗೆ ಸಾಕ್ಸ್. ಬಾಣಂತಿಗೆ ಶೀತ ಆಗಬಾರದು ಎಂದು ಹಿರಿಯರು ಹೇಳುವುದನ್ನು ಇವಳು ಇದೊಂದರಲ್ಲಾದರೂ ಕೇಳುತ್ತಾಳಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಇಷ್ಟು ವರ್ಷ ಉದ್ದ ತೋಳಿನ ರವಿಕೆಯೊಳಗೆ ಬದುಕಿದ ನನಗೇ ಅದರ ಅರ್ಥ ಹೊಳೆಯಲಿಲ್ಲ ನೋಡಿ, ಎಂಥ ದಡ್ಡಿ ನಾನು.

ಹೊಳೆಯಿಸಿದ್ದು ಟ್ಯೂಬು. ಒಂದು ಬೆಳಿಗ್ಗೆ ತೆಗೆದು ನೋಡುತ್ತೇನೆ, ನಾನು ಅಚ್ಚುಕಟ್ಟಾಗಿ ಸುತ್ತಿಕೊಂಡು ಬಂದಿದ್ದ ಟ್ಯೂಬಿನ ಸೊಂಟ ಯಾರೋ ಹಿಂಡಿದ್ದಾರೆ. ಸಂಶಯ ಗಂಡನ ಮೇಲೆ. ಅವರಿಗೆ ಟ್ಯೂಬು ಎಂದರೆ ಟ್ಯೂಬು, ಒಳಗೆ ಎಂತ ಉಂಟೆಂದು ನೋಡುವ ಕ್ರಮ ಇಲ್ಲ. ಹಿಂದೊಮ್ಮೆ ನನ್ನ ಮುಲಾಮಿನಲ್ಲಿ ಹಲ್ಲುಜ್ಜಿ, ಪೇಸ್ಟು ಹಳತು ಕೊಟ್ಟಿದ್ದಾನೆಂದು ಅಂಗಡಿಯವನ ಹತ್ತಿರ ಜಗಳ ಮಾಡಿ ಬಂದವರು. ಹೋಗಿ ಕೇಳಿದೆ. ಅವರು ಮೊಮ್ಮಗಳ ಮೇಲೆ ಆಣೆ ಹಾಕಿದರು. ಮೊಮ್ಮಗಳ ಮೇಲೆ ಅವರು ಸುಳ್ಳು ಆಣೆ ಹಾಕುವವರಲ್ಲ. ಇನ್ನು ಮನೆಯಲ್ಲಿ ಉಳಿದದ್ದು ಇಬ್ಬರು, ಅದರಲ್ಲಿ ಒಬ್ಬಳಿಗೆ ಟ್ಯೂಬು ಹಿಡಿಯುವ ಪ್ರಾಯವಾಗಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮಗಳ ಕೋಣೆಯ ಬಾಗಿಲು ತಳ್ಳಿದೆ. ಮಗು ತೊಟ್ಟಿಲಲ್ಲಿ ಮಲಗಿತ್ತು. ಮಗಳು ಕಪಾಟಿನ ಕನ್ನಡಿಗೆ ಬೆನ್ನು ಹಾಕಿ ನಿಂತು, ನೈಟಿಯನ್ನು ಹೆಗಲಿನಿಂದ ಜಾರಿಸಿ, ಕತ್ತು ತಿರುಗಿಸಿ, ಸಟ್ಟುಗದ ತುದಿಗೆ ಮುಲಾಮು ಮೆತ್ತಿಕೊಂಡು ಬೆನ್ನಿಗೆ ಹಚ್ಚಲು ಹೆಣಗುತ್ತಿದ್ದಳು. ಕೈಗೆ ಎಟಕದ ಜಾಗ ಅದು.

ನನ್ನ ಬಾಯಿಂದ ಮೊದಲು ಬಂದದ್ದು, "ಅದು ನನ್ನ ದೋಸೆಯ ಸಟ್ಟುಗ," ಎಂಬ ಮಾತು. ಅಂಥ ಹೊತ್ತಿನಲ್ಲಿ ಬಾಯಿಗೆ ಬುದ್ಧಿ ಇರುವುದಿಲ್ಲ.

ಅವಳು ಸಟ್ಟುಗ ಕೆಳಗೆ ಹಾಕಿದಳು. ನಾನು ಹತ್ತಿರ ಹೋಗಿ ನೋಡಿದೆ. ಬೆನ್ನಿನ ನಡುವೆ, ಸೊಂಟದ ಮೇಲೆ, ತಲೆಬಟ್ಟೆ ಜಾರಿದಾಗ ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ, ಎಲ್ಲ ಕಡೆ ಅದೇ ಕೆಂಪು, ಅದೇ ಬೆಳ್ಳಗಿನ ಹೊಟ್ಟು. ನನ್ನದೇ ಕೈಬರಹದ ಹಾಗೆ ನನಗೆ ಅದರ ಗುರುತಾಯಿತು. ಮಗಳು ಅಲ್ಲೇ ಮಂಚದ ಮೇಲೆ ಕೂತು, ಮಗು ಏಳದ ಹಾಗೆ, ಸ್ವರ ತೆಗೆಯದೆ ಅತ್ತಳು.

ಮದುವೆಗೆ ಮೊದಲೇ ಕಿವಿಯ ಹಿಂದೆ ಒಂದು ಸಣ್ಣ ಕಲೆ ಇತ್ತಂತೆ. ಹೊಟ್ಟು ಎಂದು ಸುಮ್ಮನಿದ್ದಳಂತೆ. ಬಸುರಿಯಾದ ಮೇಲೆ ಅದೂ ಪೂರ್ತಿ ಮಾಯವಾಗಿ, ಪೀಡೆ ಹೋಯಿತು ಎಂದುಕೊಂಡಿದ್ದಾಳೆ. ಹೆರಿಗೆಯಾದ ಮೇಲೆ ಬಡ್ಡಿ ಸಮೇತ ಎದ್ದಿದೆ. ಗಂಡನಿಗೆ ಹೇಳಲಿಲ್ಲ, ವಿಡಿಯೋ ಕಾಲಿನಲ್ಲಿ ಮುಖ ಮಾತ್ರ ತೋರಿಸುತ್ತಾಳೆ. ಬಾಗಿಲು ಹಾಕಿಕೊಂಡು ಸುಡುನೀರು ಹೊಯ್ದು, ಸೋಪು ಹಾಕಿ, ನಾರಿನಲ್ಲಿ ಉಜ್ಜಿದ್ದಾಳೆ. ಉಜ್ಜಿದರೆ ಹೋಗುತ್ತದೆ ಎಂದು. ಇಷ್ಟು ವರ್ಷ ನನ್ನ ಜೊತೆ ಬದುಕಿದವಳು.

"ಅತ್ತೆ ಫೋನಿನಲ್ಲಿ ನಿನ್ನ ಕೈಯ ವಿಷಯ ಹೇಳುವಾಗ ನಾನು ಬಾಯಿ ಬಿಟ್ಟಿದ್ದರೆ," ಎಂದಳು, "ಮತ್ತೆ ಅವರು ಕೇಳುವುದು ಇದು ವಂಶದಲ್ಲಿ ಬರ್ತದಾ ಅಂತ. ಆಗ ನಾನು ಎಂತ ಹೇಳುವುದು? ನಿನ್ನ ಕೈ ಬಿಟ್ಟುಕೊಟ್ಟು ನನ್ನ ಬೆನ್ನು ಉಳಿಸಿಕೊಂಡೆ ಅಮ್ಮ."

ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಹಾಲು ಕುಡಿಸುವವರು ಡಾಕ್ಟರನ್ನು ಕೇಳದೆ ಇನ್ನೊಬ್ಬರ ಮುಲಾಮು ಕದ್ದು ಹಚ್ಚುತ್ತಾರಾ, ಅಷ್ಟು ಓದಿಸಿದ್ದು ಇದಕ್ಕಾ ಎಂದು ಪಿಸುದನಿಯಲ್ಲೇ ಬೈದೆ. ಪಿಸುದನಿಯಲ್ಲಿ ಬೈಯುವುದು ಬಹಳ ಕಷ್ಟದ ಕೆಲಸ, ಅರ್ಧ ಸಿಟ್ಟು ಗಂಟಲಲ್ಲೇ ಉಳಿಯುತ್ತದೆ. ಬೈದು ಮುಗಿದ ಮೇಲೆ, ಒಂದು ಒದ್ದೆ ಬಟ್ಟೆಯಲ್ಲಿ ಅವಳ ಬೆನ್ನು ಮೆಲ್ಲನೆ ಒರೆಸಿ, ಮಗುವಿಗೆಂದು ತೆಗೆದ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಹಚ್ಚಿದೆ. ನನ್ನ ಅಂಗೈಯೂ ಒರಟು, ಅವಳ ಬೆನ್ನೂ ಒರಟು. ಅವಳು ಕಣ್ಣು ಮುಚ್ಚಿ, "ಹಾಯಾಗ್ತದೆ," ಎಂದಳು. ನನ್ನ ಕೈ ಬೇಡ ಎಂದು ಅವಳಿಗೆ ಅನಿಸಿರಲಿಲ್ಲ ಎಂಬುದು ಆಗ ನನ್ನ ತಲೆಗೆ ಹೋಯಿತು, ಕಣ್ಣಲ್ಲಿ ನೀರು ತುಂಬಿತು. ನಾನು ಅವಳ ಬೆನ್ನ ಹಿಂದೆ ಇದ್ದ ಕಾರಣ ಅವಳಿಗೆ ಕಾಣಲಿಲ್ಲ.

ಎರಡು ದಿನ ಬಿಟ್ಟು ಎಲ್ಲರೂ ಕಾರಿನಲ್ಲಿ ಮಣಿಪಾಲಕ್ಕೆ ಹೋದೆವು. ಡಾಕ್ಟರು ಮಗಳನ್ನು ನೋಡಿ, ಹಾಲು ಕುಡಿಸುವವಳು ಹಚ್ಚಬಹುದಾದ ಮುಲಾಮು ಬರೆದುಕೊಟ್ಟರು. ಸುಡುನೀರು ಬೇಡ, ನಾರು ಬೇಡ, ಎಣ್ಣೆ ಧಾರಾಳ ಹಚ್ಚಿ ಎಂದರು. ಮಗುವಿಗೂ ಬರುತ್ತದಾ ಎಂದು ಮಗಳು ಕೇಳಿದಳು. ಬರಬಹುದು, ಬರದೆಯೂ ಇರಬಹುದು, ಈಗಲೇ ಯಾರೂ ಹೇಳಲಿಕ್ಕಾಗುವುದಿಲ್ಲ ಎಂದು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಎದ್ದು ಬರುವಾಗ, ನಾಚಿಕೆ ಬಿಟ್ಟು, ಮಗುವನ್ನು ಅಜ್ಜಿ ಮೀಯಿಸಬಹುದಾ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಿಮಗೆ ಬೆನ್ನುನೋವು ಏನಾದರೂ ಇದೆಯಾ?" ಎಂದು ಕೇಳಿದರು.

ಡಾಕ್ಟರಿಗೆ ಅರ್ಥವಾಗದ ಪ್ರಶ್ನೆ ಕಾರ್ಕಳದವರಿಗೆ ಅರ್ಥವಾಗುತ್ತದೆ, ತೊಂದರೆ ಅದೇ. ನಾನು ಮಗಳಿಗೆ, ನಿನ್ನ ವಿಷಯ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು, ನನಗೋಸ್ಕರ ಬಾಯಿ ಬಿಡಬೇಡ ಎಂದೆ. ಹೇಳುವಾಗ ದೊಡ್ಡ ಮನಸ್ಸಿನವಳ ಹಾಗೆ ಹೇಳಿದೆ. ಒಳಗೆ ನನಗೆ ಮೊಮ್ಮಗಳು ಬೇಕೇ ಬೇಕಿತ್ತು.

ಆ ಆದಿತ್ಯವಾರ ಅಳಿಯನ ಅಮ್ಮ ಬಂದರು. ಬಾಣಂತಿ ಲೇಹ್ಯ, ತುಪ್ಪ, ಮಗುವಿಗೆ ಬೆಳ್ಳಿಯ ಕಾಲ್ಗಡಗ. ಅವತ್ತು ಕಟಪಾಡಿಯ ಅಕ್ಕನಿಗೆ ಸಂಬಂಧಿಕರಲ್ಲಿ ಮದುವೆ, ರಜೆ. "ಅದಕ್ಕೆಂತ, ಇವತ್ತು ನಾನೇ ಮೀಯಿಸುತ್ತೇನೆ," ಎಂದು ಅವರು ಸೆರಗು ಸಿಕ್ಕಿಸಿಕೊಂಡು ಹಿತ್ತಲಿನ ಬಚ್ಚಲಿಗೆ ನಡೆದೇಬಿಟ್ಟರು. ಹಂಡೆಯ ನೀರು ಕಾದಿತ್ತು. ನಾನು ಎಂದಿನ ಹಾಗೆ ಟವೆಲ್ ಹಿಡಿದು ಬಾಗಿಲಿನಲ್ಲಿ ನಿಂತೆ.

ಮಗಳು ಮಗುವನ್ನು ಎತ್ತಿಕೊಂಡು ಬಂದಳು. ತಲೆಬಟ್ಟೆ ಇರಲಿಲ್ಲ. ಕೂದಲನ್ನು ಎತ್ತಿ ಮುಡಿ ಕಟ್ಟಿದ್ದಳು. ಗಿಡ್ಡ ತೋಳಿನ, ಬೆನ್ನು ಅಗಲ ತೆರೆದ ಹಳೆಯ ನೈಟಿ ಹಾಕಿದ್ದಳು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, "ಅತ್ತೆ, ಇವಳನ್ನು ಅಮ್ಮ ಮೀಯಿಸಲಿ," ಎಂದಳು. ಅವರು ಉತ್ತರ ಕೊಡುವ ಮೊದಲೇ, "ಅಮ್ಮನದ್ದು ಮಗುವಿಗೆ ತಾಗುವುದಾದರೆ ನನ್ನದು ಈಗಾಗಲೇ ತಾಗಿಯಾಯಿತು. ನೋಡಿ," ಎಂದು ಬೆನ್ನು ತಿರುಗಿಸಿ ನಿಂತಳು.

ಬಚ್ಚಲಿನ ಒಲೆಯಲ್ಲಿ ಗೆರಟೆ ಚಟಚಟ ಎನ್ನುತ್ತಿತ್ತು. ಅಳಿಯನ ಅಮ್ಮನ ಮುಖ ಬಿಳಿಚಿತು. ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡರು. ಮಗಳ ಬಾಳು ಇಲ್ಲಿಗೆ ಹದಗೆಟ್ಟರೆ ಅದಕ್ಕೆ ನನ್ನ ಒಂದು ಸ್ನಾನದ ಹುಚ್ಚು ಕಾರಣ ಎಂದು ಅನಿಸಿ, ಸುಮ್ಮನಿರು ಎಂದು ಮಗಳಿಗೆ ಕಣ್ಣಲ್ಲೇ ಹೇಳಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

ಅಳಿಯನ ಅಮ್ಮ, "ನನ್ನ ಮಗನಿಗೆ ಗೊತ್ತುಂಟಾ?" ಎಂದು ಕೇಳಿದರು.

"ನಿನ್ನೆ ಹೇಳಿದೆ."

"ಎಂತ ಹೇಳಿದ?"

"ಮದ್ದು ಸರಿಯಾಗಿ ಮಾಡು ಅಂದ್ರು. ಅಮ್ಮನಿಗೆ ನೀನೇ ಹೇಳು, ನನಗೆ ಧೈರ್ಯ ಇಲ್ಲ ಅಂದ್ರು."

"ಅವನು ಹಾಗೇ," ಎಂದರು ಅವರು. "ಅವನ ಅಪ್ಪನೂ ಹಾಗೇ ಇದ್ದದ್ದು." ಆಮೇಲೆ ಬಚ್ಚಲ ಕಟ್ಟೆಯ ಮೇಲೆ ಕೂತು, ಮಗುವಿನ ಬೆನ್ನು ನೋಡಿದರು, ಕಿವಿಯ ಹಿಂದೆ ನೋಡಿದರು. "ಇವಳಿಗೂ ಬಂದರೆ?"

"ಬರಬಹುದಂತೆ, ಬರದೆಯೂ ಇರಬಹುದಂತೆ," ಎಂದಳು ಮಗಳು. "ಬಂದರೆ ಅವಳು ಬಾಗಿಲು ಹಾಕಿಕೊಂಡು ಒಬ್ಬಳೇ ಉಜ್ಜಿಕೊಳ್ಳುವುದು ಬೇಡ ಅತ್ತೆ. ಅಷ್ಟೇ ನನಗೆ ಬೇಕಾದದ್ದು."

ಅಳಿಯನ ಅಮ್ಮ ನನ್ನ ಕೈಗಳನ್ನು ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು. ಮತ್ತೆ, "ಕೂತುಕೊಳ್ಳಿ ಅಕ್ಕ, ಮಗುವಿಗೆ ಹಸಿವಾಗುವ ಮೊದಲು ಮುಗಿಸುವ," ಎಂದರು.

ನಾನು ಮಣೆಯ ಮೇಲೆ ಕೂತೆ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದೆ. ಎಷ್ಟೋ ವರ್ಷದಿಂದ ಗಂಡ, ಡಾಕ್ಟರು ಬಿಟ್ಟರೆ ಯಾರೂ ಕಾಣದ ನನ್ನ ಮೊಣಕಾಲು, ಅದರ ಕೆಂಪು, ಅದರ ಬಿರುಕು, ಎಲ್ಲ ಹಗಲು ಬೆಳಕಿನಲ್ಲಿ ಅವರ ಎದುರು ಬಿತ್ತು. ಅವರು ಬಗ್ಗಿ ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದರು. ಬೆಚ್ಚಗೆ, ಮೆತ್ತಗೆ, ನಾನು ಅಂದುಕೊಂಡದ್ದಕ್ಕಿಂತ ಭಾರ. ಎಣ್ಣೆ ಮುಟ್ಟಿದ ಕೂಡಲೇ ಅದು ಬಾಯಿ ತೆರೆದು ಅಳಲು ಶುರು ಮಾಡಿತು. ಅಳಿಯನ ಅಮ್ಮ ಹಂಡೆಯಿಂದ ಚೊಂಬಿಗೆ ನೀರು ತುಂಬಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದರು.

ಅಷ್ಟರಲ್ಲಿ ಮೊಮ್ಮಗಳು ಉಚ್ಚೆ ಹೊಯ್ದಳು. ಅದು ಸೀದಾ ನನ್ನ ಮೊಣಕಾಲಿನ ಬಿರುಕಿಗೆ ಇಳಿಯಿತು. ಉಪ್ಪು ಖಾರ ತುಂಬಿಸಿದ ಹಾಗೆ ಉರಿಯಿತು ಮಾರಾಯ್ರೆ. ಎರಡೂ ಕೈಯಲ್ಲಿ ಮಗು, ಅಲ್ಲಾಡುವ ಹಾಗಿಲ್ಲ. ಹಲ್ಲು ಕಚ್ಚಿ ಕೂತರೂ ಕಣ್ಣಿನಿಂದ ನೀರು ಇಳಿಯಿತು.

"ಉರೀತದಾ ಅಕ್ಕ?" ಎಂದು ಅವರು ಕೇಳಿದರು.

ಹೌದು ಎಂದೆ. ಅವರು ಚೊಂಬು ಹಿಡಿದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ನನ್ನ ಮೊಣಕಾಲಿನ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಬರಿಗೈಯಲ್ಲಿ, ಉಜ್ಜದೆ, ಮೆಲ್ಲನೆ ತೊಳೆದರು. ಒಂದು ಕಾಲು ಮುಗಿದ ಮೇಲೆ ಇನ್ನೊಂದು ಕಾಲನ್ನೂ ತೊಳೆದರು. ಆಮೇಲೆ ಪುನಃ ಚೊಂಬು ತುಂಬಿಸಿಕೊಂಡು ಬಂದು, ಮಗುವಿಗೆ ನೀರು ಹೊಯ್ಯತೊಡಗಿದರು.